ಮಗುವಿನ ಚಿಕಿತ್ಸೆಗೆ ಮನೆಯಿಡೀ: ಕಾಸರಗೋಡಿನಿಂದ ಹೊರಟ ಒಂದು ತರಬೇತಿಯ ಅನುಭವ

ಕಾಸರಗೋಡು ಜಿಲ್ಲೆಯ ಬಡಗು ತುದಿಯಲ್ಲಿರುವ ನಮ್ಮ ಪಂಚಾಯತುಗಳಲ್ಲಿ ಮಗುವೊಂದು ಮಾತು ಬಿಟ್ಟರೆ, ವಿಪರೀತ ಹಟ ಹಿಡಿದರೆ ಅಥವಾ ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು ಎಂದು ಮುದುಡಿಕೊಂಡರೆ ಮನೆಯವರು ಹಿಡಿಯುವ ದಾರಿ ಬಹುಮಟ್ಟಿಗೆ ಒಂದೇ. ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಬಳಿಕ ನಾಗನಿಗೋ ದೈವಕ್ಕೋ ಹರಕೆ ಹೇಳಿಕೊಳ್ಳುತ್ತಾರೆ, ಅದರಿಂದಲೂ ಸರಿಹೋಗದಿದ್ದರೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಾರೆ. ಈ ಮೂರನೆಯ ದಾರಿ ಎಷ್ಟು ಸಪೂರವಾದದ್ದು ಎಂಬುದು 2020ರ ಮಾರ್ಚಿನಲ್ಲಿ ಕೋವಿಡ್ಡಿನಿಂದಾಗಿ ಕರ್ನಾಟಕದ ಗಡಿ ಮುಚ್ಚಿದಾಗ ಎಲ್ಲರಿಗೂ ತಿಳಿಯಿತು. ಮಂಗಳೂರಿನ ವೈದ್ಯರ ಚೀಟಿಯನ್ನೇ ನಂಬಿಕೊಂಡಿದ್ದ ಅಪಸ್ಮಾರದ ಮಕ್ಕಳ ತಾಯಂದಿರು ಮದ್ದಿಗಾಗಿ ಯಾರನ್ನು ಕೇಳಬೇಕೆಂದು ತಿಳಿಯದೆ ಕಂಗಾಲಾದರು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದ ನಾನು ಆಗ ಊರಿನಲ್ಲೇ ಇದ್ದು ಪಂಚಾಯತಿನ ಸ್ವಯಂಸೇವಕರೊಂದಿಗೆ ಮದ್ದು ಮುಟ್ಟಿಸುವ ಕೆಲಸ ಮಾಡುತ್ತಿದ್ದೆ. ಮದ್ದಿನ ಪೊಟ್ಟಣ ಕೊಟ್ಟು ಹಿಂದಿರುಗುವಾಗ ಜಗಲಿಯಲ್ಲಿ ನಿಲ್ಲಿಸಿಕೊಂಡು ತಾಯಂದಿರು ಕೇಳುತ್ತಿದ್ದ ಪ್ರಶ್ನೆಗಳಿಗೆ ನನ್ನ ಪದವಿಯಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್. ತರಬೇತಿಗೆ ಅರ್ಜಿ ಹಾಕಲು ಇದೇ ಕಾರಣವಾಯಿತು.

ಈ ತರಬೇತಿಯ ಸ್ವರೂಪವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಎಂ.ಫಿಲ್. ಎಂದ ಕೂಡಲೇ ಪ್ರಬಂಧ ಬರೆಯುವ ಪದವಿ ಎಂದೇ ನಮ್ಮವರು ತಿಳಿಯುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯೂ ಸೇರಿದ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. ಮುಗಿಸಿದವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆನಿಸುತ್ತಾರೆ. ಆದುದರಿಂದ ಬೆಳಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ಮೇಲ್ವಿಚಾರಣೆ, ಸಂಜೆ ದಾಖಲೆ ಬರೆಯುವುದು, ನಡುವೆ ಸಿಕ್ಕ ಸಮಯದಲ್ಲಿ ಪ್ರಬಂಧ, ಹೀಗೆ ಇದರ ದಿನಚರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನೇ ನಿಲ್ಲಿಸುವುದಾಗಿ ಹೇಳಿದ್ದರಿಂದ ನಮ್ಮ ತಂಡದವರಿಗೆ ಈ ಪದವಿ ಮುಂದೆ ಯಾವ ಹೆಸರಿನಲ್ಲಿ ಉಳಿಯುತ್ತದೆಂಬ ಅಳುಕು ಕೊನೆಯವರೆಗೂ ಇತ್ತು. ನಾನು ಸೇರಿದ ಸಂಸ್ಥೆ ಕೇರಳದ್ದೇ, ಜಿಲ್ಲೆಯ ಹೊರಗಿನದು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಮಾತನಾಡಲು ಬರುತ್ತಿತ್ತು, ಆದರೆ ಬರೆದದ್ದನ್ನು ಓದಲು ಅಕ್ಷರ ಅಕ್ಷರ ಕೂಡಿಸಬೇಕಾಗಿತ್ತು. ಆರಂಭದ ತಿಂಗಳುಗಳಲ್ಲಿ ಪಾಠಕ್ಕಿಂತ ಹೆಚ್ಚು ಶ್ರಮವನ್ನು ಅದಕ್ಕೇ ಕೊಟ್ಟೆನೆಂದು ಕಾಣುತ್ತದೆ.

ವಯಸ್ಕರ ವಾರ್ಡು, ಮದ್ಯವ್ಯಸನ ವಿಭಾಗ ಇತ್ಯಾದಿಗಳ ಸರದಿ ಮುಗಿದ ಬಳಿಕವೇ ನಮ್ಮನ್ನು ಮಕ್ಕಳ ಮತ್ತು ಕುಟುಂಬ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಮೊದಲು ಕಲಿಸಿದ್ದು ಮಗುವನ್ನು ಮಾತನಾಡಿಸುವುದನ್ನಲ್ಲ, ಮಗುವನ್ನು ಕರೆತಂದವರು ಕುಳಿತುಕೊಳ್ಳುವ ಬಗೆಯನ್ನು ನೋಡುವುದನ್ನು. ಕೋಣೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಕುರ್ಚಿಗಳಿರುತ್ತಿದ್ದವು. ಯಾರು ಯಾರ ಪಕ್ಕದಲ್ಲಿ ಕುಳಿತರು, ಮಗು ಯಾರ ನಡುವೆ ಸಿಕ್ಕಿಕೊಂಡಿತು, ಪ್ರಶ್ನೆಯನ್ನು ಮಗುವಿಗೆ ಕೇಳಿದರೆ ಮೊದಲು ಬಾಯಿ ತೆರೆದವರು ಯಾರು, ಇವನ್ನೆಲ್ಲ ಗುರುತಿಸಿಕೊಳ್ಳಬೇಕಾಗಿತ್ತು. 1965ರಿಂದ ಫಿಲಡೆಲ್ಫಿಯಾದ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ನಡೆಸಿದ ಸಾಲ್ವಡಾರ್ ಮಿನೂಚಿನ್ ಬೆಳೆಸಿದ ಕುಟುಂಬ ಚಿಕಿತ್ಸಾ ಪದ್ಧತಿಯ ಮೂಲಪಾಠಗಳಿವು. ಕುಟುಂಬದೊಳಗಿನ ಗಡಿಗಳು ತೀರಾ ಬಿಗಿಯಾಗಿವೆಯೇ, ತೀರಾ ಸಡಿಲವಾಗಿವೆಯೇ, ತಂದೆ ತಾಯಿ ಒಂದು ಪಂಗಡವಾಗಿದ್ದಾರೆಯೇ ಅಥವಾ ಮಗುವನ್ನು ಒಬ್ಬರು ತಮ್ಮ ಪಕ್ಷಕ್ಕೆ ಎಳೆದುಕೊಂಡಿದ್ದಾರೆಯೇ ಎಂಬುದನ್ನು ಕುಳಿತ ಕ್ರಮದಿಂದಲೇ ಊಹಿಸತೊಡಗಬಹುದು ಎಂದು ಆತ ತೋರಿಸಿಕೊಟ್ಟಿದ್ದ. ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿದ್ದರು. ಪಠ್ಯಗಳಲ್ಲಿ ಮಿನೂಚಿನ್‌ಗೆ ಅಧ್ಯಾಯವಿದ್ದರೆ ವಿದ್ಯಾಸಾಗರರಿಗೆ ಒಂದೆರಡು ವಾಕ್ಯವಿರುತ್ತದೆ. ನನಗಂತೂ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ನಮ್ಮಲ್ಲಿ ಮನೆಯವರನ್ನು ಕರೆಯಬೇಕಾಗಿಯೇ ಇಲ್ಲ, ಅವರು ಬಂದೇ ಬಂದಿರುತ್ತಾರೆ. ಬಂದವರಿಗೆ ಏನು ಕೆಲಸ ಕೊಡಬೇಕೆಂಬುದಷ್ಟೇ ಪ್ರಶ್ನೆ.

ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಯುವಾಗ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಹೋದವರ ಮೇಲೆ ಗೀಟು, ಮನಸ್ತಾಪವಿದ್ದಲ್ಲಿ ಅಂಕುಡೊಂಕು ಗೆರೆ. ಬರೆಯಲು ಕಲಿಯುವುದು ಸುಲಭ. ಆದರೆ ಪಠ್ಯದ ನಕ್ಷೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಅಧಿಕಾರ ನಮ್ಮ ಕಡೆಯ ಅಳಿಯಕಟ್ಟಿನ, ಎಂದರೆ ವಂಶ ತಾಯಿಯ ಕಡೆಯಿಂದ ಸಾಗುವ, ಮನೆಗಳಲ್ಲಿ ಅಡ್ಡಡ್ಡ ಹರಿಯುತ್ತದೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಮದ್ದು ಕೊಡಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಚಿಕಿತ್ಸೆಯ ಕೋಣೆಗೆ ಒಮ್ಮೆಯೂ ಬಾರದ ಸೋದರಮಾವ ಮಾಡಿರುತ್ತಾನೆ. ದುಬೈಯಲ್ಲೋ ಶಾರ್ಜಾದಲ್ಲೋ ಇರುವ ತಂದೆಯನ್ನು ನಕ್ಷೆಯಲ್ಲಿ ಎಲ್ಲಿಡಬೇಕು? ಅವನು ದೂರದಲ್ಲಿದ್ದಾನೆ, ಆದರೆ ಪ್ರತಿದಿನ ರಾತ್ರಿ ಫೋನಿನ ಪರದೆಯಲ್ಲಿ ಊಟದ ಹೊತ್ತಿಗೆ ಹಾಜರಿರುತ್ತಾನೆ. ಇಂಥ ಪ್ರಶ್ನೆಗಳನ್ನು ನಾನು ಎತ್ತಿದಾಗ ಮೇಲ್ವಿಚಾರಕಿ ಸಿದ್ಧ ಉತ್ತರ ಕೊಡುತ್ತಿರಲಿಲ್ಲ. ನಕ್ಷೆಯನ್ನು ಆ ಮನೆಯವರ ಕೈಗೇ ಕೊಟ್ಟು ಬರೆಸಿ ಎನ್ನುತ್ತಿದ್ದರು.

ಮೇಲ್ವಿಚಾರಣೆಯ ಬಗ್ಗೆ ಹೇಳದೆ ಈ ತರಬೇತಿಯ ಕಥೆ ಪೂರ್ಣವಾಗದು. ಪ್ರತಿ ಭೇಟಿಯ ಬಳಿಕ ನಡೆದ ಮಾತುಕತೆಯನ್ನು ನೆನಪಿನಿಂದ ಪೂರ್ತಿ ಬರೆದು, ಪಕ್ಕದ ಅಂಕಣದಲ್ಲಿ ಆಯಾ ಕ್ಷಣದಲ್ಲಿ ನಮ್ಮೊಳಗೆ ಏನಾಗುತ್ತಿತ್ತೆಂದು ಬರೆಯಬೇಕಾಗಿತ್ತು. ಮೇಲ್ವಿಚಾರಕಿ ಪೆನ್ಸಿಲಿನಲ್ಲಿ ಸಣ್ಣ ಗುರುತುಗಳನ್ನು ಹಾಕುತ್ತಿದ್ದರು. ತಾಯಿ ಅಳಲು ತೊಡಗಿದೊಡನೆ ವಿದ್ಯಾರ್ಥಿ ಯಾವುದೋ ವಿವರ ಕೇಳಿದ್ದರೆ ಅಲ್ಲಿ ಒಂದು ಗುರುತು, ಯಾರೂ ಕೇಳದೆ ಸಲಹೆ ಕೊಟ್ಟಿದ್ದರೆ ಇನ್ನೊಂದು. ಎಲ್ಲರ ಪುಟಗಳೂ ಮೊದಮೊದಲು ಗುರುತುಗಳಿಂದ ತುಂಬಿಹೋಗುತ್ತಿದ್ದವು. ಸಲಹೆ ಕೊಡುವುದು ನಮ್ಮ ಊರಿನಲ್ಲಿ ಸೌಜನ್ಯದ ಭಾಗ. ಕೊಡದೆ ಸುಮ್ಮನೆ ಕುಳಿತವರನ್ನು ಬಿಂಕದವರೆನ್ನುತ್ತಾರೆ. ಆದರೂ ತರಬೇತಿಯ ಬಹುಭಾಗ ಬಾಯಿ ಕಟ್ಟಿಕೊಳ್ಳುವುದನ್ನು ಕಲಿಯುವುದರಲ್ಲಿಯೇ ಕಳೆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಕಾನೂನಿನ ಪಾಠಗಳು ಬೇಗ ಮುಗಿದವು, ಆದರೆ ಮರೆಯುವ ಹಾಗಿರಲಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ 19ನೆಯ ವಿಧಿಯಂತೆ ವರದಿ ಮಾಡಲೇಬೇಕು, ಗೋಪ್ಯತೆಯ ಭರವಸೆ ಅಲ್ಲಿಗೆ ನಿಲ್ಲುತ್ತದೆ. ಆದುದರಿಂದ ಮೊದಲ ಭೇಟಿಯಲ್ಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ನಾನು ಯಾವುದನ್ನು ನನ್ನಲ್ಲೇ ಇಟ್ಟುಕೊಳ್ಳಬಲ್ಲೆ, ಯಾವುದನ್ನು ಇಟ್ಟುಕೊಳ್ಳಲಾರೆ ಎಂದು ಹೇಳುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರು.

ಎರಡನೆಯ ವರ್ಷದ ಸಮುದಾಯ ಕ್ಷೇತ್ರಕಾರ್ಯಕ್ಕೆ ನಾನು ಕಾಸರಗೋಡನ್ನೇ ಕೇಳಿ ಪಡೆದೆ. ಅದರ ಒಂದು ಪಾಲು ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳ ಬಡ್ಸ್ ಶಾಲೆಯೊಂದರಲ್ಲಿ, ಎಂದರೆ ಬೌದ್ಧಿಕ ಅಸಮರ್ಥತೆಯಿರುವ ಮಕ್ಕಳ ವಿಶೇಷ ಶಾಲೆಯಲ್ಲಿ, ಪೋಷಕರ ಗುಂಪು ನಡೆಸುವುದಾಗಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧ ಹೇರಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಇವೆಲ್ಲ ಪತ್ರಿಕೆ ಓದುವವರಿಗೆ ಗೊತ್ತಿರುವ ಸಂಗತಿಗಳು. ಗುಂಪಿಗೆ ಬಂದ ತಾಯಂದಿರಿಗೆ ಅವು ಬಾಯಿಪಾಠವೇ ಆಗಿದ್ದವು, ಏಕೆಂದರೆ ಅವರು ಇಷ್ಟು ವರ್ಷಗಳಲ್ಲಿ ಎಷ್ಟೋ ಸಮೀಕ್ಷೆಗಳಿಗೆ, ಎಷ್ಟೋ ಕ್ಯಾಮರಾಗಳಿಗೆ ಅದನ್ನೇ ಹೇಳಿದ್ದರು. ನಾನು ಪ್ರಶ್ನಾವಳಿ ಹಿಡಿದು ಹೋಗಿದ್ದರೆ ಇನ್ನೊಮ್ಮೆ ಅದನ್ನೇ ಹೇಳಿ ಚಹಾ ಕೊಟ್ಟು ಕಳುಹಿಸುತ್ತಿದ್ದರು. ಮೇಲ್ವಿಚಾರಕಿಯ ಸೂಚನೆಯಂತೆ ಕಾಗದವಿಲ್ಲದೆ ಹೋದೆ.

ಅಲ್ಲಿ ನಿಜವಾಗಿ ಇದ್ದ ಪ್ರಶ್ನೆ ಮಗು ಗುಣವಾಗುವುದರದ್ದಲ್ಲ. ಇಪ್ಪತ್ತು ದಾಟಿದ, ತಾನೇ ಉಣ್ಣಲಾರದ ಮಗನ ತಾಯಿಗೆ ತಾನು ಹೋದ ಬಳಿಕ ಇವನನ್ನು ನೋಡುವವರು ಯಾರು ಎಂಬುದೊಂದೇ ಚಿಂತೆ. ಇದಕ್ಕೆ ಸಾಂತ್ವನದ ಮಾತು ಸಾಲದು, ಕಾಗದಪತ್ರ ಬೇಕು. ಹದಿನೆಂಟು ತುಂಬಿದ ಮೇಲೆ ಬೌದ್ಧಿಕ ಅಸಮರ್ಥತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು, ನಿರಾಮಯ ಯೋಜನೆಯಡಿ ವರ್ಷಕ್ಕೆ ಒಂದು ಲಕ್ಷದವರೆಗಿನ ಆರೋಗ್ಯ ವಿಮೆಯಿದೆ. ಗುಂಪಿನ ಅರ್ಧ ಸಮಯ ಅರ್ಜಿ ತುಂಬಿಸುವುದರಲ್ಲಿ ಹೋಯಿತು. ಅರ್ಜಿ ತುಂಬಿಸುವಾಗಲೇ ಪಾಲಕರ ಹೆಸರು ಬರೆಯುವ ಖಾಲಿ ಜಾಗದ ಮುಂದೆ ಪೆನ್ನು ನಿಂತು, ಅಣ್ಣನೇ ತಂಗಿಯೇ ಎಂಬ ಮಾತು ಬಂದು, ಮನೆಯ ಇತರ ಮಕ್ಕಳ ವಿಷಯ ಹೊರಬೀಳುತ್ತಿತ್ತು. ಅಂಗವೈಕಲ್ಯವಿಲ್ಲದ ಆ ಅಣ್ಣತಂಗಿಯರ ಮೇಲೆ ಯಾವ ಸಮೀಕ್ಷೆಯ ಕಣ್ಣೂ ಬಿದ್ದಿರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೂ ಮನೆಯಲ್ಲಿ ಹೇಳಿಕೊಳ್ಳದೆ ಉಳಿದ ಹುಡುಗನೊಬ್ಬನ ವಿಷಯವನ್ನು ಅವನ ತಾಯಿಯೇ ಪಾಲಕರ ಅರ್ಜಿಯ ನೆಪದಲ್ಲಿ ಹೇಳಿದರು.

ಕ್ಷೇತ್ರಕಾರ್ಯದ ಇನ್ನೊಂದು ಪಾಲಿನಲ್ಲಿ ಸಿಕ್ಕ ಪ್ರಕರಣವೇ ನನ್ನ ಅಂತಿಮ ಪರೀಕ್ಷೆಯ ದೀರ್ಘ ಮಂಡನೆಯೂ ಆಯಿತು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಹೇಳುತ್ತೇನೆ. ಎರಡನೆಯ ತರಗತಿಯ ಹುಡುಗಿ. ಮನೆಮಾತು ತುಳು, ಅಂಗನವಾಡಿ ಕನ್ನಡದ್ದು, ಶಾಲೆ ಇಂಗ್ಲಿಷ್ ಮಾಧ್ಯಮದ್ದು, ಆಟದ ಬಯಲಿನ ಮಾತು ಮಲಯಾಳ. ಸೇರಿದ ದಿನದಿಂದ ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ. ಬರವಣಿಗೆ ಅಚ್ಚುಕಟ್ಟು, ಕೇಳಿದರೆ ತಲೆ ಅಲ್ಲಾಡಿಸುವುದೂ ಇಲ್ಲ. ಶಾಲೆಯವರು ಕಿವಿ ಪರೀಕ್ಷೆ ಮಾಡಿಸಿ ಎಂದರು, ಕಿವಿ ಸರಿಯಿತ್ತು. ಬುದ್ಧಿಯ ಬೆಳವಣಿಗೆ ಸಾಲದೇನೋ, ಬಡ್ಸ್ ಶಾಲೆಗೆ ಸೇರಿಸಬಹುದೇನೋ ಎಂದು ಒಬ್ಬರು ಸೂಚಿಸಿದ್ದರಿಂದ ತಾಯಿ ಹೌಹಾರಿ ನಮ್ಮ ಶಿಬಿರಕ್ಕೆ ಬಂದಿದ್ದರು.

ಬುದ್ಧಿಮತ್ತೆಯ ಹಲವು ಪರೀಕ್ಷೆಗಳಲ್ಲಿ ಮಗು ಬಾಯಿ ಬಿಡಬೇಕಾಗುತ್ತದೆ, ಅಪರಿಚಿತರ ಮುಂದೆ ಈ ಮಗು ಬಿಡುವುದಿಲ್ಲ. ಹಾಗಾಗಿ ನಾಗಪುರದಲ್ಲಿ ಮಾಲಿನ್ ಭಾರತಕ್ಕೆ ಹೊಂದಿಸಿದ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನವನ್ನು ಬಳಸಿದೆ. ಅದರಲ್ಲಿ ಪ್ರಶ್ನೆಗಳನ್ನು ತಾಯಿಗೆ ಕೇಳುವುದು, ಮಗು ತಾನೇ ಸ್ನಾನ ಮಾಡುತ್ತದೆಯೇ, ಹೇಳದೆಯೇ ಮಲಗಲು ಹೋಗುತ್ತದೆಯೇ ಎಂಬಂಥವು. ವಯಸ್ಸಿಗೆ ತಕ್ಕ ಬೆಳವಣಿಗೆಯಿತ್ತು. ಉಳಿದದ್ದು ಎರಡು ಸಾಧ್ಯತೆ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ತಿಂಗಳು ಮಾತಾಡದೆ ಕೇಳುತ್ತಲೇ ಇರುವುದು ಸಹಜ, ಅದು ಕಾಯಿಲೆಯಲ್ಲ. ಇನ್ನೊಂದು ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಕೆಲವು ಸನ್ನಿವೇಶಗಳಲ್ಲಿ ಆತಂಕದಿಂದ ಮಾತೇ ಹೊರಡದೆ ಉಳಿಯುವ ಸ್ಥಿತಿ. 2013ರ ಅಮೆರಿಕನ್ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಇದನ್ನು ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿದೆ. ಶಾಲೆಯ ಭಾಷೆ ಬಾರದಿರುವುದೇ ಮೌನಕ್ಕೆ ಕಾರಣವಾಗಿದ್ದರೆ ಈ ಹೆಸರು ಸಲ್ಲದು ಎಂದೂ ಅದು ಹೇಳುತ್ತದೆ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಲ್ಲಿ ಇವೆರಡನ್ನು ಬಿಡಿಸಿ ನೋಡುವುದು ಹೇಗೆ?

ಮೇಲ್ವಿಚಾರಕಿ ಕೇಳಿದ್ದು ಒಂದೇ ಪ್ರಶ್ನೆ: ಆ ಶಾಲೆಯಲ್ಲಿ ತುಳು ಮಾತನಾಡುವ ಬೇರೆ ಮಗು ಇದೆಯೇ? ಇತ್ತು. ನೆರೆಮನೆಯ ಹುಡುಗಿ, ಅದೇ ತರಗತಿ. ಒಂದು ಬೆಳಗ್ಗೆ ಅವರ ಹಿಂದಿನಿಂದ ನಾನು ನಡೆದುಹೋದೆ. ತೋಟದ ಸಂಕ ದಾಟಿ ಡಾಮರು ರಸ್ತೆಯುದ್ದಕ್ಕೂ ಇಬ್ಬರೂ ತುಳುವಿನಲ್ಲಿ ಎಡೆಬಿಡದೆ ಹರಟುತ್ತಿದ್ದರು. ಶಾಲೆಯ ಗೇಟು ಹತ್ತು ಮಾರು ದೂರವಿರುವಾಗ ಇವಳ ಮಾತು ಸಣ್ಣದಾಯಿತು, ಗೇಟಿನೊಳಗೆ ಕಾಲಿಟ್ಟದ್ದೇ ನಿಂತುಹೋಯಿತು. ಗೆಳತಿ ತುಳುವಿನಲ್ಲೇ ಏನೋ ಕೇಳಿದಳು. ಇವಳು ಚೀಲದ ಪಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ತುಳುವೇ ಬರುವ ಗೆಳತಿಗೂ ಗೇಟಿನೊಳಗೆ ಉತ್ತರವಿಲ್ಲವೆಂದ ಮೇಲೆ ಇದು ಬರಿಯ ಭಾಷೆಯ ತೊಡಕಲ್ಲವೆಂಬುದು ಖಚಿತವಾಯಿತು. ಮನೋವೈದ್ಯರೂ ಪರೀಕ್ಷಿಸಿ ಅದನ್ನೇ ಬರೆದರು.

ಇದಕ್ಕೆ ಚಿಕಿತ್ಸೆಯ ದಾರಿ ಪಠ್ಯದಲ್ಲಿ ಸ್ಪಷ್ಟವಾಗಿದೆ. ಮಗು ಯಾರೊಡನೆ ಸಲೀಸಾಗಿ ಮಾತನಾಡುತ್ತದೋ ಅವರನ್ನು ಮಾತು ಹೊರಡದ ಸ್ಥಳಕ್ಕೆ ಕರೆತಂದು, ಆ ಮಾತುಕತೆಯೊಳಕ್ಕೆ ಹೊಸಬರನ್ನು ಮೆಲ್ಲಮೆಲ್ಲನೆ ಸೇರಿಸುವುದು. ಮಾಡುವುದು ಅಷ್ಟು ಸುಲಭವಲ್ಲ, ಏಕೆಂದರೆ ಮೊದಲು ದೊಡ್ಡವರು ಬದಲಾಗಬೇಕು. ಮನೆಯಲ್ಲಿ ಮಗುವಿನ ಪರವಾಗಿ ಉತ್ತರ ಕೊಡುತ್ತಿದ್ದವರು ಅಜ್ಜಿ. ಹೆಸರೇನು ಮಗಾ ಎಂದು ಬಸ್ಸಿನಲ್ಲಿ ಯಾರು ಕೇಳಿದರೂ ಅಜ್ಜಿಯ ಬಾಯಲ್ಲಿ ಹೆಸರು, ತರಗತಿ, ಇಷ್ಟದ ತಿಂಡಿ ಎಲ್ಲವೂ ಬಂದುಬಿಡುತ್ತಿತ್ತು. ಅದು ಪ್ರೀತಿಯೇ, ಆದರೆ ಮಗುವಿಗೆ ಮಾತನಾಡಬೇಕಾದ ಅಗತ್ಯವನ್ನೇ ಅದು ತಪ್ಪಿಸುತ್ತಿತ್ತು. ಪ್ರಶ್ನೆಯ ಬಳಿಕ ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಎಂದರೆ ಅವರಿಗೆ ಅದು ಮಗುವನ್ನು ನಡುನೀರಿನಲ್ಲಿ ಬಿಟ್ಟಂತೆ ತೋರಿತು. ನಾಗನಿಗೆ ತಂಬಿಲ ಕೊಟ್ಟಾಗಿದೆ, ಇನ್ನು ಸರಿಯಾಗುತ್ತದೆ ಎಂಬ ನಂಬಿಕೆಯೂ ಅವರಿಗಿತ್ತು. ಅದಕ್ಕೆ ಎದುರಾಡಬೇಕಾದ ಕಾರಣ ನನಗೆ ಕಾಣಲಿಲ್ಲ. ಆಟಕ್ಕೆ ಏನಾದರೂ ಬೇಕಲ್ಲ ಎಂದಾಗ ಅವರೇ ಅಟ್ಟದಿಂದ ಹಳೆಯ ಚೆನ್ನೆಮಣೆ ಇಳಿಸಿ, ಧೂಳು ಒರೆಸಿ, ಮಂಜೊಟ್ಟಿ ಕಾಳು ಎಣಿಸಿ ಕೊಟ್ಟರು. ಹೀಗೆ ಅವರ ಕೈಗೂ ಒಂದು ಕೆಲಸ ಬಂತು.

ತಂದೆಯ ಕಡೆಯದು ಇನ್ನೂ ಕಷ್ಟ. ಶಾರ್ಜಾದಿಂದ ಪ್ರತಿ ರಾತ್ರಿ ಫೋನು ಮಾಡಿ ಮೊದಲು ಕೇಳುವುದೇ ಇವತ್ತು ಶಾಲೆಯಲ್ಲಿ ಮಾತಾಡಿದೆಯಾ ಎಂದು. ಮಾತಾಡಿದರೆ ಸೈಕಲ್ ತರುತ್ತೇನೆ ಎಂಬ ಆಮಿಷ ಬೇರೆ. ಆ ಪ್ರಶ್ನೆ ಬರುತ್ತದೆಂದು ಮಗು ಫೋನಿನ ಹೊತ್ತಿಗೆ ನಿದ್ದೆಯ ನಟನೆ ಮಾಡತೊಡಗಿತ್ತು. ದೂರದಲ್ಲಿರುವ ಮನುಷ್ಯನಿಗೆ ತಂದೆಯಾಗಿ ಉಳಿದಿದ್ದುದು ಕೇಳುವುದೊಂದೇ, ಅದನ್ನೂ ಬಿಡಿ ಎಂದರೆ ಏನು ಮಾಡುವುದು? ಬದಲಿಗೆ ಅವರು ಧ್ವನಿ ಸಂದೇಶದಲ್ಲಿ ಅಂದಿನ ಯಾವುದಾದರೂ ಸಣ್ಣ ಸಂಗತಿ ಹೇಳಿ ಕಳುಹಿಸುವುದು, ಮಗು ಮನಸ್ಸಾದಾಗ ಧ್ವನಿಯಲ್ಲೇ ಉತ್ತರಿಸುವುದು ಎಂದು ಒಪ್ಪಂದವಾಯಿತು. ಕೆಲವು ವಾರಗಳ ಬಳಿಕ ಮಗುವಿನ ಒಪ್ಪಿಗೆ ಕೇಳಿ ಅಂಥ ಒಂದು ಸಂದೇಶವನ್ನು ತರಗತಿಯ ಟೀಚರಿಗೆ ಕೇಳಿಸಿದೆವು. ಮಗುವಿನ ಧ್ವನಿಯನ್ನು ಅವರು ಕೇಳಿದ್ದು ಅದೇ ಮೊದಲು.

ಶಾಲೆ ಬಿಟ್ಟ ಬಳಿಕ ಖಾಲಿ ತರಗತಿಯಲ್ಲಿ ತಾಯಿ ಮಗಳು ಚೆನ್ನೆಮಣೆ ಆಡಲು ಕುಳಿತರು. ಆ ಆಟದಲ್ಲಿ ಗುಳಿಯಿಂದ ಗುಳಿಗೆ ಕಾಳು ಹಾಕುತ್ತಾ ಎಣಿಸಿಕೊಳ್ಳಬೇಕಾದುದರಿಂದ ಮಾತು ತಾನಾಗಿ ಬರುತ್ತದೆ. ಬಾಗಿಲು ಮುಚ್ಚಿದ್ದಾಗ ಒಂಜಿ, ರಡ್ಡ್, ಮೂಜಿ ಎಂಬ ಎಣಿಕೆ ಪಿಸುದನಿಯಲ್ಲಿ ಬಂತು. ಮುಂದಿನ ವಾರ ಬಾಗಿಲು ತೆರೆದೇ ಇತ್ತು, ಟೀಚರು ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಿದ್ದರು. ಆಮೇಲೆ ಬೆನ್ನು ತಿರುಗಿಸಿ ಮೂಲೆಯಲ್ಲಿ ಪುಸ್ತಕ ತಿದ್ದುತ್ತಾ ಕುಳಿತರು. ಆಮೇಲೆ ಚಾಪೆಯ ಅಂಚಿನಲ್ಲಿ. ಅವರಿಗೆ ಹೇಳಿದ್ದ ನಿಯಮ ಕಠಿಣವಾಗಿತ್ತು: ಪ್ರಶ್ನೆ ಕೇಳಬಾರದು, ಮುಖ ನೋಡಬಾರದು, ಮಾತು ಬಂದರೆ ಹೊಗಳಬಾರದು, ಆಟದಲ್ಲಿ ಆಗುತ್ತಿರುವುದನ್ನಷ್ಟೇ ಹೇಳಿಕೊಳ್ಳಬಹುದು. ಊರಿನ ಭಾಷೆಗಳಲ್ಲಿ ಮಲಯಾಳ ಮಾತ್ರ ಬಲ್ಲ ಆ ಟೀಚರು ಮಗುವಿನ ಜೊತೆ ತುಳುವಿನಲ್ಲಿ ಎಣಿಸಲು ಕಲಿತು, ನಾಲ್ಕರ ಬಳಿಕ ತಡವರಿಸಿದಾಗ ಮಗು ತಾನೇ ಮುಂದಿನದನ್ನು ಹೇಳಿತು. ತಾಯಿ ಆ ಬಳಿಕ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಬರತೊಡಗಿದರು.

ಎಲ್ಲವೂ ಏರುಮುಖವಾಗಿರಲಿಲ್ಲ. ತರಗತಿಯಲ್ಲಿ ಗೆಳತಿಯ ಕಿವಿಯಲ್ಲಿ ಮಗು ಏನೋ ಹೇಳಿದ್ದನ್ನು ಕಂಡ ಬೇರೊಬ್ಬ ಟೀಚರು ಸಂತೋಷದಿಂದ ಎಲ್ಲ ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ಮರುದಿನದಿಂದ ಮೌನ, ಗೇಟಿನ ಹೊರಗೂ. ಕೆಳಗಿನ ಮೆಟ್ಟಿಲಿಗೆ ಇಳಿದು ಮತ್ತೆ ತಾಯಿಯೊಡನೆ, ಮುಚ್ಚಿದ ಬಾಗಿಲಿನಿಂದಲೇ ಆರಂಭಿಸಬೇಕಾಯಿತು. ಆ ಬಳಿಕ ಶಾಲೆಯ ಎಲ್ಲ ಅಧ್ಯಾಪಕರಿಗೂ ಅಡುಗೆಯವರಿಗೂ ಸೇರಿಸಿ ಒಂದು ಗಂಟೆಯ ಮಾಹಿತಿ ಕಾರ್ಯಕ್ರಮವನ್ನು ಮುಖ್ಯ ಶಿಕ್ಷಕರು ಏರ್ಪಡಿಸಿದರು. ವರ್ಷ ಮುಗಿಯುವಾಗ ಮಗು ಹಾಜರಿಗೆ ಉತ್ತರಿಸುತ್ತಿತ್ತು, ನಾಲ್ಕೈದು ಮಕ್ಕಳೊಡನೆ ಮಾತನಾಡುತ್ತಿತ್ತು. ತರಗತಿಯ ಮುಂದೆ ನಿಂತು ಓದುವುದು ಆಗಿರಲಿಲ್ಲ.

ಪರೀಕ್ಷೆಯ ಮಂಡನೆಯಲ್ಲಿ ಹೊರಗಿನ ಪರೀಕ್ಷಕರು ಗುಣವಾದ ಪ್ರಮಾಣವನ್ನು ಹೆಚ್ಚು ಕೇಳಲಿಲ್ಲ. ನೀವು ಹೋದ ಮೇಲೆ ಇದನ್ನು ಹಿಡಿಯುವವರು ಯಾರು ಎಂದು ಕೇಳಿದರು. ಕೇಸು ಮುಗಿಸುವುದೂ ಪಠ್ಯದ ಭಾಗವೇ ಆಗಿರುವುದರಿಂದ ಅದಕ್ಕೆ ಕಾಗದ ಸಿದ್ಧವಿತ್ತು. ಶಾಲೆಗೆ ಮಲಯಾಳದಲ್ಲಿ, ಮನೆಗೆ ಕನ್ನಡದಲ್ಲಿ ಒಂದೊಂದು ಪುಟ: ಮೂರನೆಯ ತರಗತಿಯ ಟೀಚರು ಜೂನ್ ಒಂದರ ಮೊದಲೇ ಖಾಲಿ ಶಾಲೆಯಲ್ಲಿ ಮಗುವನ್ನು ತಾಯಿಯೊಡನೆ ಕಾಣಬೇಕು, ನೆರೆಮನೆಯ ಗೆಳತಿಯನ್ನು ಅದೇ ವಿಭಾಗದಲ್ಲಿ ಇಡಬೇಕು, ಮಳೆಗಾಲದ ರಜೆಗಳ ಬಳಿಕ ಮಾತು ಕುಗ್ಗಿದರೆ ಗಾಬರಿಯಾಗದೆ ಒಂದು ಮೆಟ್ಟಿಲು ಇಳಿಯಬೇಕು, ಶಾಲಾ ಆಪ್ತಸಲಹೆಗಾರ್ತಿ ತಿಂಗಳಿಗೊಮ್ಮೆ ನೋಡಬೇಕು. ಪದವಿ ಬಂದ ಬಳಿಕ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಗೆ ಅರ್ಜಿ ಹಾಕಿ ನಾನು ಇದೇ ಜಿಲ್ಲೆಗೆ ಮರಳಿದೆ. ಆ ಕನ್ನಡ ಪುಟವನ್ನು ಹೆಸರು, ಊರು ತೆಗೆದು ಮತ್ತೆ ಬರೆದು ಮಂಜೇಶ್ವರ, ಬದಿಯಡ್ಕ, ಪೆರ್ಲದ ಕಡೆಯ ಶಾಲೆಗಳ ರಕ್ಷಕ ಶಿಕ್ಷಕ ಸಂಘದ ಸಭೆಗಳಲ್ಲಿ ಈಗ ಹಂಚುತ್ತೇನೆ. ಸಭೆ ಮುಗಿದ ಮೇಲೆ ಹತ್ತಿರ ಬಂದು ವಿಚಾರಿಸುವವರಲ್ಲಿ ತಾಯಂದಿರಿಗಿಂತ ಅಜ್ಜಿಯರೇ ಹೆಚ್ಚು. ಅವರಿಗೆ ಮುಂದಿನ ಭೇಟಿಯ ದಿನ ಗೊತ್ತುಮಾಡುವಾಗ ಗಲ್ಫಿನಲ್ಲಿರುವ ಮಗನ ರಜೆ ಎಂದಿನಿಂದ ಎಂದೂ ಕೇಳಿ ಬರೆದುಕೊಳ್ಳುತ್ತೇನೆ.